ಪೆಟ್ಟಿಗೆಗೆ ಗೀರೂ ಬಿದ್ದಿಲ್ಲ, ಒಳಗೆ ಗಿಟಾರ್ ಮುರಿದಿದೆ

ಪ್ರಶ್ನೆ: ನಾನು ದಾವಣಗೆರೆಯವನು. ನಮ್ಮದೊಂದು ಆರ್ಕೆಸ್ಟ್ರಾ ತಂಡ ಇದೆ, ಗಣಪತಿ ಹಬ್ಬ ಶುರುವಾದರೆ ರಾಜ್ಯೋತ್ಸವ ಮುಗಿಯುವ ತನಕ ಬಿಡುವಿಲ್ಲ. ಇಷ್ಟು ವರ್ಷ ಸ್ಟ್ರಾಟ್ ಮಾದರಿಯ ಗಿಟಾರನ್ನು ಬಟ್ಟೆ ಬ್ಯಾಗಿನಲ್ಲೇ ಹಾಕಿಕೊಂಡು ಓಡಾಡಿದೆ, ಏನೂ ಆಗಿಲ್ಲ. ಈಗ ಸಾಲ ಮಾಡಿ ಎಪಿಫೋನ್ ಕಂಪನಿಯ ಲೆಸ್ ಪಾಲ್ ಗಿಟಾರ್ ತಗೊಂಡಿದ್ದೇನೆ, ಅದರ ಜೊತೆ ಕೇಸ್ ಬರಲಿಲ್ಲ. ಅಂಗಡಿಯವರು ಒಂದು ಹಾರ್ಡ್ ಕೇಸ್ ತೋರಿಸಿ, ಎಲ್ಲಾ ಗಿಟಾರಿಗೂ ಆಗುತ್ತೆ, ಮೇಲೆ ನಿಂತರೂ ಜಗ್ಗಲ್ಲ ಅಂದರು. ತಗೊಳ್ಳಲಾ? ಇಲ್ಲ ಅಲ್ಯೂಮಿನಿಯಂ ಅಂಚಿನ ಫ್ಲೈಟ್ ಕೇಸ್ ಮಾಡಿಸಿಬಿಡಲಾ?
(ಹೆಸರು ಹಾಕಬೇಡಿ ಸರ್, ಗಿಟಾರಿನ ಬೆಲೆ ಮನೆಯಲ್ಲಿ ಗೊತ್ತಿಲ್ಲ)

ಉತ್ತರ: ಸ್ವಲ್ಪ ತಡೆಯಿರಿ. ಗಿಟಾರನ್ನೇ ಅಂಗಡಿಗೆ ತಗೊಂಡು ಹೋಗಿ, ಆ ಕೇಸಿನೊಳಗೆ ಮಲಗಿಸಿ ನೋಡಿ, ಆಮೇಲೆ ದುಡ್ಡು ಕೊಡಿ. ಕೇಸ್ ಮೇಲೆ ಯಾರೂ ನಿಲ್ಲುವುದಿಲ್ಲ ಅಲ್ವಾ? ಅದು ಬೀಳುತ್ತದೆ. ಬಿದ್ದಾಗ ಒಳಗೆ ಏನಾಗುತ್ತದೆ ಅನ್ನೋದು ಬೇರೆಯೇ ಕಥೆ.

ನನ್ನದೇ ಹೇಳುತ್ತೇನೆ. ನಾನೂ ಒಂದು ಲೆಸ್ ಪಾಲ್ ಮಾದರಿ ಗಿಟಾರಿಗೆ ಇಂಥದ್ದೇ 'ಎಲ್ಲದಕ್ಕೂ ಆಗುವ' ಕೇಸ್ ತಗೊಂಡಿದ್ದೆ. ದಪ್ಪ ಪ್ಲೈವುಡ್, ಮೇಲೆ ಕಪ್ಪು ರೆಕ್ಸಿನ್, ಒಳಗೆ ಮದುಮಕ್ಕಳ ಕುರ್ಚಿಗೆ ಹಾಕುತ್ತಾರಲ್ಲ ಅಂಥ ಕೆಂಪು ವೆಲ್ವೆಟ್. ಒಂದು ಆರತಕ್ಷತೆಯ ಕಾರ್ಯಕ್ರಮಕ್ಕೆ ಹೋಗಿದ್ದೆವು, ಕೇಸನ್ನು ಗೋಡೆಗೆ ಒರಗಿಸಿ ಕಾಫಿಗೆ ಹೋದೆ, ಓಡಾಡುತ್ತಿದ್ದ ಮಗುವೊಂದು ತಗುಲಿ ಅದು ಬೆನ್ನಡಿಯಾಗಿ ದಬ್ ಅಂತ ಬಿತ್ತು. ನಿಂತಲ್ಲಿಂದ ನೆಲಕ್ಕೆ, ಅಷ್ಟೇ. ಎತ್ತಿ ನೋಡಿದರೆ ಒಂದು ಗೀರೂ ಇಲ್ಲ. ಸಮಾಧಾನದಿಂದ ಚಿಲಕ ತೆಗೆದೆ. ಆರೂ ತಂತಿ ಸಡಿಲವಾಗಿ ಬಿದ್ದಿದ್ದವು. ಬಿರಡೆಗಳಿರುವ ತಲೆಯ ಭಾಗ, ಅಂದರೆ ಹೆಡ್‌ಸ್ಟಾಕ್, ಒಂದು ಸಿಬಿರಿನಲ್ಲಿ ನೇತಾಡುತ್ತಿತ್ತು. ಆವತ್ತು ಗಿಟಾರಿನ ಭಾಗವನ್ನೆಲ್ಲ ಕೀಬೋರ್ಡಿನವನೇ ನುಡಿಸಿದ. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ, ಅದು ಇನ್ನೊಂದು ನೋವು.

ಯಾಕೆ ಮುರಿಯಿತು ಅಂದರೆ, ಲೆಸ್ ಪಾಲ್‌ನಲ್ಲಿ ಹೆಡ್‌ಸ್ಟಾಕ್ ನೆಕ್ಕಿನ, ಅಂದರೆ ಗಿಟಾರಿನ ಉದ್ದನೆಯ ಕತ್ತಿನ, ನೇರಕ್ಕೆ ಇರುವುದಿಲ್ಲ. 14ರಿಂದ 17 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಮಹೋಗನಿಯ ಒಂದೇ ತುಂಡಿನಲ್ಲಿ ನೆಕ್ ಕೆತ್ತಿದರೆ ಆ ಬಾಗಿದ ಜಾಗದಲ್ಲಿ ಮರದ ಎಳೆ ಉದ್ದಕ್ಕೆ ಸಿಗುವುದಿಲ್ಲ, ಅಡ್ಡ ಕತ್ತರಿಸಿದ ಹಾಗಾಗುತ್ತದೆ. ಸಾಲದು ಅಂತ ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಪಡಿಸಲು ಒಳಗೆ ಹಾಕಿದ ಲೋಹದ ಕಡ್ಡಿ) ತಿರುಗಿಸುವ ಗುಳಿಯನ್ನೂ ಅಲ್ಲೇ ಕೊರೆದಿರುತ್ತಾರೆ. ಆರು ತಂತಿ ಸೇರಿ ಹೆಚ್ಚುಕಡಿಮೆ 45 ಕಿಲೋ ಎಳೆತ ಯಾವಾಗಲೂ ಇರುತ್ತದೆ, ತುದಿಯಲ್ಲಿ ಆರು ಲೋಹದ ಬಿರಡೆಗಳ ಭಾರ ಬೇರೆ. ಬಸ್ಸಿನ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ಬಸ್ಸು ನಿಲ್ಲುತ್ತದೆ, ನಿಂತವರು ನಿಲ್ಲುವುದಿಲ್ಲ. ಕೇಸ್ ನೆಲಕ್ಕೆ ಬಡಿದಾಗಲೂ ಅದೇ: ಬಾಡಿ ನಿಂತುಬಿಡುತ್ತದೆ, ತಲೆ ನಿಲ್ಲುವುದಿಲ್ಲ.

ನಿಮ್ಮ ಸ್ಟ್ರಾಟ್‌ಗೆ ಇಷ್ಟು ವರ್ಷ ಬ್ಯಾಗಿನಲ್ಲೂ ಏನೂ ಆಗದಿದ್ದದ್ದು ನಿಮ್ಮ ಜೋಪಾನದಿಂದ ಅಂದುಕೊಂಡಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಲಿಯೋ ಫೆಂಡರ್ 1954ರಲ್ಲಿ ಸ್ಟ್ರಾಟೊಕಾಸ್ಟರ್ ತಂದಾಗ ಅದರ ನೆಕ್ ಗಟ್ಟಿ ಮೇಪಲ್ ಮರದ್ದು, ತಲೆ ಹಿಂದಕ್ಕೆ ಬಾಗಿಲ್ಲ, ಬಾಡಿಗೆ ನಾಲ್ಕು ಸ್ಕ್ರೂನಲ್ಲಿ ಕೂರಿಸಿದ್ದು. ತಲೆ ಮುರಿಯುವುದು ಅಪರೂಪ. ಹಾಗಾಗಿ ಸ್ಟ್ರಾಟ್‌ಗೆ ಒಳ್ಳೆಯ ದಪ್ಪ ಬ್ಯಾಗ್ ಸಾಕು ಅನ್ನುವವನು ನಾನು. ಲೆಸ್ ಪಾಲ್‌ಗೆ ಆ ಮಾತು ಹೇಳುವುದಿಲ್ಲ.

ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು ನೆಕ್ ಕೂರುವ ದಿಂಬು. ಅದು ನೆಕ್ಕಿನ ಕೆಳಗೆ ಸರಿಯಾಗಿ ಕೂತಿರಬೇಕು, ಹೆಡ್‌ಸ್ಟಾಕ್ ಮಾತ್ರ ಯಾವುದಕ್ಕೂ ತಾಗದೆ ಗಾಳಿಯಲ್ಲಿ ತೇಲುತ್ತಿರಬೇಕು. ಗಿಟಾರ್ ಮಲಗಿಸಿ ಹೆಡ್‌ಸ್ಟಾಕ್ ಕೆಳಗೆ ಬೆರಳು ತೂರಿಸಿ ನೋಡಿ, ಆರಾಮಾಗಿ ಆಡಬೇಕು. ಮೇಲೆ ಮುಚ್ಚಳವೂ ಬಿರಡೆಗಳನ್ನು ಒತ್ತಬಾರದು. ಆಮೇಲೆ ಬಾಡಿಯ ಎರಡೂ ಕಡೆ ಸ್ಪಂಜು ಅಪ್ಪಿಕೊಂಡಿದೆಯಾ, ಗಿಟಾರಿನ ಬುಡದ ತುದಿ ಕೇಸಿಗೆ ಒತ್ತಿ ಕೂತಿದೆಯಾ ನೋಡಿ. ಮುಚ್ಚಿ ಚಿಲಕ ಹಾಕಿ, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಓಲಾಡಿಸಿ. ಒಳಗಿನಿಂದ 'ಟಕ್' ಅಂತ ಸದ್ದು ಬಂದರೆ ಬೇಡ. ಅಂಗಡಿಯವರು ಏನಂದರೂ ಬೇಡ. ನನ್ನ ಕೇಸಿನಲ್ಲಿ ಗಿಟಾರ್ ಎರಡು ಬೆರಳು ಅಗಲ ಹಿಂದೆ ಮುಂದೆ ಜಾರುತ್ತಿತ್ತು, ಅದು ಗೊತ್ತಿದ್ದೂ ಸುಮ್ನೆ ಇದ್ದೆ.

ಲೆಸ್ ಪಾಲ್ ಆಕಾರಕ್ಕೇ ಮಾಡಿದ ಕೇಸ್ ಸಿಗುತ್ತದೆ. ಪ್ಲೈವುಡ್ ಆದರೂ ಸರಿ, ಎಸ್‌ಕೆಬಿ, ಗೇಟರ್ ಥರದವರು ಮಾಡುವ ಎಬಿಎಸ್ ಪ್ಲಾಸ್ಟಿಕ್ಕಿನದಾದರೂ ಸರಿ. ಪ್ಲಾಸ್ಟಿಕ್ ಮಳೆಗೆ ಹೆದರುವುದಿಲ್ಲ. ಪ್ಲೈವುಡ್‌ಗೆ ಅಂಚಿನಲ್ಲಿ ರೆಕ್ಸಿನ್ ಕಿತ್ತರೆ ನೀರು ಕುಡಿದು ಉಬ್ಬುತ್ತದೆ. ಒಂದೆರಡು ಕಿಲೋ ಹೆಚ್ಚುಕಡಿಮೆಗೆ ತಲೆ ಕೆಡಿಸಿಕೊಳ್ಳಬೇಡಿ. ಹಿಡಿ ಮಾತ್ರ ಜಗ್ಗಿ ನೋಡಿ. ಬರೀ ಸ್ಕ್ರೂ ಹೊಡೆದಿದ್ದರೆ ಒಂದಲ್ಲ ಒಂದು ದಿನ ಕೈಗೇ ಬರುತ್ತದೆ, ಒಳಗಿನಿಂದ ರಿವೆಟ್ ಹಾಕಿರಬೇಕು.

ಫ್ಲೈಟ್ ಕೇಸ್ ವಿಷಯ. ಸ್ಪೀಕರ್, ಮಿಕ್ಸರ್, ಡ್ರಮ್ಸ್ ಎಲ್ಲ ಒಂದೇ ಟೆಂಪೋದಲ್ಲಿ ತುಂಬಿ, ಲೋಡ್ ಮಾಡುವವರು ಬೇರೆಯವರಾಗಿದ್ದರೆ ಮಾಡಿಸಿ. ಅಲ್ಯೂಮಿನಿಯಂ ಅಂಚು, ಮೂಲೆಗೆ ಉಕ್ಕಿನ ಗುಂಡು, ತಿರುಗಿಸುವ ಚಿಟ್ಟೆ ಚಿಲಕ, ಅದರ ಮೇಲೆ ಬಾಸ್ ಸ್ಪೀಕರ್ ಇಟ್ಟರೂ ತಡೆಯುತ್ತದೆ. ಆದರೆ ಗಿಟಾರೂ ಸೇರಿ 12 ಕಿಲೋ ದಾಟಿದರೆ ಆಶ್ಚರ್ಯವಿಲ್ಲ, ಅದನ್ನು ಹೊತ್ತು ಕೆಎಸ್‌ಆರ್‌ಟಿಸಿ ಬಸ್ ಹತ್ತಿದ ದಿನ ನನ್ನನ್ನು ನೆನೆಸಿಕೊಳ್ಳುತ್ತೀರಿ. ನೀವೇ ಗಿಟಾರನ್ನು ತೊಡೆ ಮೇಲೆ ಇಟ್ಟುಕೊಂಡು ಹೋಗುವವರಾದರೆ ದಂಡ ಖರ್ಚು. ಮಾಡಿಸುವುದೇ ಆದರೆ ಗಿಟಾರನ್ನೇ ಕೊಟ್ಟು ಅಳತೆ ಮಾಡಿಸಿ, ಒಳಗಿನ ಸ್ಪಂಜು ಅದರ ಆಕಾರಕ್ಕೇ ಕತ್ತರಿಸಿರಬೇಕು.

ಇನ್ನು, ಆ 'ಎಲ್ಲದಕ್ಕೂ ಆಗುವ' ಕೇಸನ್ನು ಆಗಲೇ ತಗೊಂಡುಬಿಟ್ಟಿದ್ದೀರಿ ಅಂತ ನನಗೆ ಅನುಮಾನ. ಪರವಾಗಿಲ್ಲ. ಒಂದು ಹಳೆ ಹತ್ತಿ ಪಂಚೆ ಮಡಿಸಿ ನೆಕ್ ಕೆಳಗೆ ಹಾಕಿ, ಹೆಡ್‌ಸ್ಟಾಕ್ ಕೆಳಗಲ್ಲ, ನೆಕ್ ಕೆಳಗೆ. ಇನ್ನೊಂದು ಟವೆಲ್ ಬಾಡಿಯ ಬುಡದ ತುದಿಗೆ ತುರುಕಿ. ಜಾರುವುದು ನಿಂತರೆ ಸಾಕು. ಗೋಡೆಗೆ ಒರಗಿಸುವ ಚಟ ಬಿಡಿ, ಮಲಗಿಸಿ ಇಡಿ. ನನ್ನ ಗಿಟಾರನ್ನು ಅಂಟು ಹಾಕಿಸಿ ಈಗಲೂ ನುಡಿಸುತ್ತೇನೆ, ಅಂಟು ಹಾಕಿದ ಜಾಗ ಗಟ್ಟಿಯಾಗೇ ಇದೆ. ಮಾರಲು ಹೋದರೆ ಮಾತ್ರ ಅರ್ಧ ಬೆಲೆಯೂ ಹುಟ್ಟುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಕೇಸ್ ತೆಗೆದರೆ ಬೂಸ್ಟಿನ ವಾಸನೆ. ತಂತಿಗಳಿಗೆ ತುಕ್ಕು. ಕೇಸಿನಲ್ಲಿ ಇಡೋದೇ ತಪ್ಪಾ?
(ಮಂಗಳೂರಿನ ಓದುಗರು)

ಉತ್ತರ: ಇಡೋದು ತಪ್ಪಲ್ಲ, ಬೆವರು ಕೈಯಲ್ಲಿ ನುಡಿಸಿ ಹಾಗೇ ಮುಚ್ಚಿಡೋದು ತಪ್ಪು. ಗಿಟಾರಿಗೆ ಗಾಳಿಯಲ್ಲಿ ಶೇಕಡಾ 45ರಿಂದ 55ರಷ್ಟು ತೇವ ಇದ್ದರೆ ಹಿತ, ನಿಮ್ಮ ಊರಲ್ಲಿ ಜುಲೈ ತಿಂಗಳು ಅದರ ಹತ್ತಿರವೂ ಬರುವುದಿಲ್ಲ. ತಂತಿ ಒರೆಸಿ, ಅರ್ಧ ಗಂಟೆ ಹೊರಗೆ ಆರಲು ಬಿಟ್ಟು ಆಮೇಲೆ ಮುಚ್ಚಿ. ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಒಂದಿಷ್ಟು ಬಟ್ಟೆ ಚೀಲದಲ್ಲಿ ಕಟ್ಟಿ ತಂತಿ ಮೀಟುವ ಪಿಕ್ ಇಡುವ ಸಣ್ಣ ಖಾನೆಯಲ್ಲಿ ಹಾಕಿ. ಬಣ್ಣ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ಕೆಲಸಕ್ಕೆ ಬರುತ್ತದೆ. ಒಗ್ಗರಣೆ ಬಾಣಲೆ ಬೇಡ, ಅದಕ್ಕೇ ಅಂತ ಒಂದು ಹಳೇದು ಇಟ್ಟುಕೊಳ್ಳಿ. ಬಿಸಿಲು ಬಂದ ದಿನ ಖಾಲಿ ಕೇಸನ್ನು ಅಂಗಳದಲ್ಲಿ ಬಾಯಿ ತೆರೆದು ಇಡಿ, ವೆಲ್ವೆಟ್ ಚೆನ್ನಾಗಿ ಒಣಗಲಿ.

ಪ್ರಶ್ನೆ: ಮಗ ಓದಲು ಅಮೆರಿಕಕ್ಕೆ ಹೊರಟಿದ್ದಾನೆ, ಗಿಟಾರ್ ಇಲ್ಲದೆ ಹೋಗಲ್ಲ ಅಂತ ಹಟ. ಸ್ಟ್ರಾಟ್ ಅಂತೆ. ವಿಮಾನದಲ್ಲಿ ಹೇಗೆ ಕಳಿಸೋದು? ಕೇಸಿಗೆ ಎಷ್ಟು ಖರ್ಚು ಮಾಡಬೇಕು?
(ಮೈಸೂರಿನ ತಾಯಿ)

ಉತ್ತರ: ಅಮ್ಮಾ, ಖರ್ಚೇ ಬೇಡ. ಸ್ಟ್ರಾಟ್ ಆದ್ದರಿಂದ ಒಂದು ಉಪಾಯ ಇದೆ. ತಂತಿ ಸಡಿಲಿಸಿ, ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿದರೆ ನೆಕ್ ಬೇರೆ, ಬಾಡಿ ಬೇರೆ. ನೆಕ್ ಎರಡು ಅಡಿಗಿಂತ ಸ್ವಲ್ಪ ಉದ್ದ, ದೊಡ್ಡ ಸೂಟ್‌ಕೇಸಿನಲ್ಲಿ ಹಿಡಿಯುತ್ತದೆ. ಸ್ವೆಟರ್ ಮಧ್ಯೆ ಸುತ್ತಿ ಇಡಲಿ. ಸ್ವರ ಅಲುಗಿಸುವ ಟ್ರೆಮೊಲೊ ಕಡ್ಡಿಯನ್ನು ಮೊದಲೇ ತಿರುಗಿಸಿ ತೆಗೆಯಲಿ, ಇಲ್ಲದಿದ್ದರೆ ಅದೇ ಬಾಡಿಗೆ ಗೀರುತ್ತದೆ. ಸ್ಕ್ರೂಗಳನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ಬಾಡಿಗೇ ಟೇಪ್ ಹಾಕಿ ಅಂಟಿಸಲಿ, ಅಲ್ಲಿ ಹೋಗಿ 'ಅಮ್ಮಾ ಸ್ಕ್ರೂ ಎಲ್ಲಿ' ಅಂತ ಫೋನ್ ಬರಬಾರದಲ್ಲ.

ಇಡೀ ಗಿಟಾರೇ ಒಯ್ಯುತ್ತೇನೆ ಅಂದರೆ, ಅಮೆರಿಕದಲ್ಲಿ 2012ರ ಕಾನೂನು ಇದೆ, 2015ರಿಂದ ಅದರ ನಿಯಮ ಜಾರಿಯಲ್ಲಿದೆ: ವಿಮಾನ ಹತ್ತುವ ಹೊತ್ತಿಗೆ ಮೇಲಿನ ಖಾನೆಯಲ್ಲಿ ಜಾಗವಿದ್ದರೆ ಅಲ್ಲಿನ ವಿಮಾನ ಕಂಪನಿಗಳು ಗಿಟಾರನ್ನು ಒಳಗೆ ಬಿಡಬೇಕು. ಜಾಗವಿದ್ದರೆ ಅನ್ನೋದನ್ನು ಮರೆಯಬೇಡಿ. ಬೇರೆ ದೇಶದ ಕಂಪನಿಗಳದ್ದು ಅವರವರ ಲೆಕ್ಕ, ಟಿಕೆಟ್ ಮಾಡುವ ಮೊದಲೇ ಕೇಳಿ. ಲಗೇಜಿಗೆ ಹಾಕುವ ಪರಿಸ್ಥಿತಿ ಬಂದರೆ ಹಾರ್ಡ್ ಕೇಸ್ ಬೇಕೇ ಬೇಕು. ತಂತಿಗಳನ್ನು ಸ್ವಲ್ಪ ಇಳಿಸಿರಲಿ, ಪೂರ್ತಿ ಬಿಚ್ಚುವುದು ಬೇಡ. ವಿಮಾನದ ಹೊಟ್ಟೆಯಲ್ಲೂ ಗಾಳಿಯ ಒತ್ತಡ ಕಾಯ್ದಿರುತ್ತಾರೆ, ಅದಕ್ಕೆ ಹೆದರಬೇಕಿಲ್ಲ. ಎತ್ತಿ ಎಸೆಯುವುದಕ್ಕೆ ಹೆದರಬೇಕು. ಎಳೆತ ಕಡಿಮೆ ಇದ್ದಷ್ಟೂ ಪೆಟ್ಟಿನ ಹೊತ್ತಿಗೆ ನೆಕ್ ಮೇಲೆ ಭಾರ ಕಡಿಮೆ. ಬೀಗ ಹಾಕುವುದಾದರೆ ಅಲ್ಲಿನ ತಪಾಸಣೆಯವರ ಕೀಲಿಯಲ್ಲೂ ತೆರೆಯುವ ಟಿಎಸ್‌ಎ ಬೀಗ ಹಾಕಿ, ಇಲ್ಲದಿದ್ದರೆ ಅಲ್ಲಿ ತಪಾಸಣೆಗೆ ಒಡೆಯಬಹುದು.

ಫ್ರೆಟ್‌ಬೋರ್ಡ್ (ನೆಕ್ ಮೇಲಿನ ಬೆರಳೊತ್ತುವ ಹಲಗೆ) ಬೀಟೆ ಮರದ್ದಾದರೆ ತಡೆಯುತ್ತಾರಾ ಅಂತ ಕೆಲವರು ಹೆದರಿಸುತ್ತಾರೆ. 2017ರಲ್ಲಿ ಬೀಟೆಗೆ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುನಿಟ್ಟು ಬಂದದ್ದು ನಿಜ, 2019ರಲ್ಲಿ ತಯಾರಾದ ವಾದ್ಯಗಳನ್ನು ಅದರಿಂದ ಬಿಟ್ಟರು. ಬ್ರೆಜಿಲಿನ ಬೀಟೆಗೆ ಮಾತ್ರ ಈಗಲೂ ಬಿಗಿ, ಅದು ಹಳೆಯ ದುಬಾರಿ ಗಿಟಾರುಗಳ ಮಾತು. ನಿಮ್ಮ ಮಗನದ್ದು ನಮ್ಮ ಮಲೆನಾಡಿನಲ್ಲೂ ಬೆಳೆಯುವ ಜಾತಿಯಾದರೆ ಚಿಂತೆ ಬೇಡ.

ಪ್ರಶ್ನೆ: ಕೇಸ್ ಮೇಲೆ ಸ್ಟಿಕ್ಕರ್ ಅಂಟಿಸಬಹುದಾ? ಅಪ್ಪ ಬೈತಾರೆ.
(ಶಿವಮೊಗ್ಗದ ಪಿಯು ವಿದ್ಯಾರ್ಥಿ)

ಉತ್ತರ: ಧಾರಾಳವಾಗಿ ಅಂಟಿಸು. ಸ್ಟೇಜ್ ಹಿಂದೆ ಐದು ಕಪ್ಪು ಕೇಸ್ ಸಾಲಾಗಿ ಮಲಗಿದ್ದಾಗ ನಿನ್ನದು ಯಾವುದು ಅಂತ ಗೊತ್ತಾಗಬೇಕಲ್ಲ. ಒಳಗಡೆ ಒಂದು ಚೀಟಿಯಲ್ಲಿ ಅಪ್ಪನ ಫೋನ್ ನಂಬರ್ ಬರೆದು ಅಂಟಿಸು, ಅದನ್ನು ತೋರಿಸಿದರೆ ಬೈಗುಳ ಕಡಿಮೆಯಾದೀತು.