ತಬಲಾದವರು ನಿನ್ನನ್ನು ಬೈದಿಲ್ಲ, ತಂಗಿ

ಪ್ರಶ್ನೆ: ನನಗೆ 19 ವರ್ಷ. ಬಿ.ಕಾಂ. ಎರಡನೇ ವರ್ಷದಲ್ಲಿದ್ದೇನೆ. ಆರು ವರ್ಷದಿಂದ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಕಳೆದ ಶ್ರಾವಣದಲ್ಲಿ ಒಂದು ಮಠದಲ್ಲಿ 20 ನಿಮಿಷ ಯಮನ್ ರಾಗ ಹಾಡಿದೆ. ನನ್ನ ನಂತರ ಹಾಡಬೇಕಿದ್ದ ಹಿರಿಯ ಗಾಯಕಿ ಕರೆದು, "ದನಿ ಚಲೋ ಐತಿ, ಬಿಡಬ್ಯಾಡ, ಒಮ್ಮೆ ಮನಿಗೆ ಬಾ" ಅಂದರು. ಖುಷಿಯಾಯಿತು. ಆದರೆ ನನಗೆ ಸಾಥ್ ಕೊಟ್ಟ ತಬಲಾದವರು ವೇದಿಕೆ ಇಳಿಯುವಾಗ, "ಸಮ್ಮಿಗೆ ಯಾಕ ಅಷ್ಟು ಓಡಿ ಬರ್ತೀಯವ್ವಾ? ಅದೇನು ಎಲ್ಲೂ ಹೋಗೂದಿಲ್ಲ" ಅಂದುಬಿಟ್ಟರು. (ಸಮ್ ಅಂದರೆ ತಾಳ ಒಂದು ಸುತ್ತು ಮುಗಿದು ಮತ್ತೆ ಶುರುವಾಗುವ ಮೊದಲ ಮಾತ್ರೆ.) ಅಲ್ಲಿದ್ದವರು ನಕ್ಕರು. ಆವತ್ತಿನಿಂದ ತಂಬೂರಿ ಮುಟ್ಟಲು ಮನಸ್ಸಿಲ್ಲ. ಗಾಯಕಿ ಹೇಳಿದ್ದು ಬರೀ ಉಪಚಾರದ ಮಾತಾ? ಅವರ ಮನೆಗೆ ಹೋದರೆ ನಮ್ಮ ಗುರುಗಳು ಬೇಸರ ಮಾಡಿಕೊಳ್ಳುತ್ತಾರಾ? ಅಪ್ಪ ಬೇರೆ "ಮೊದಲು ಡಿಗ್ರಿ" ಅಂತಾರೆ.
— ಹೆಸರು ಬೇಡ, ಗದಗ

ಉತ್ತರ: ನನ್ನ ಮಗಳ ವಯಸ್ಸಿನವಳು, ಏಕವಚನದಲ್ಲೇ ಬರೆಯುತ್ತೇನೆ. ನಿನ್ನ ಪತ್ರದಲ್ಲಿ ಗಾಯಕಿಯ ಮಾತಿಗೆ ನೀನು ಕೊಟ್ಟ ಬೆಲೆ ಜಾಸ್ತಿ, ತಬಲಾದವರ ಮಾತಿಗೆ ಕೊಟ್ಟದ್ದು ಕಡಿಮೆ. ನಾನು 30 ವರ್ಷ ಹಾರ್ಮೋನಿಯಂ ಹಿಡಿದು ಎಷ್ಟೋ ಹುಡುಗ ಹುಡುಗಿಯರ ಪಕ್ಕ ಕೂತಿದ್ದೇನೆ. ಮುಂದೆ ಬರುವುದಿಲ್ಲ ಅನ್ನಿಸಿದವರಿಗೆ ನಾವು ಸಾಥಿದಾರರು "ಚಲೋ ಆತು" ಅಂತ ಹೇಳಿ ಚಹಾ ಕುಡಿಯಲು ಹೋಗಿಬಿಡುತ್ತೇವೆ. ತಪ್ಪು ಹಿಡಿದು ಹೇಳುವುದು ಯಾರ ಮೇಲೆ ಆಸೆ ಇದೆಯೋ ಅವರಿಗೇ. ನಾಲ್ಕು ಜನರ ಎದುರಿಗೆ ಹೇಳಬಾರದಿತ್ತು, ಅದು ಬೇರೆ ಮಾತು.

ಅವರು ಹೇಳಿದ್ದರಲ್ಲಿ ಹುರುಳಿದೆಯಾ ನೋಡೋಣ. ನೀನು ಹಾಡಿದ್ದು ವಿಲಂಬಿತ, ಅಂದರೆ ನಿಧಾನ ಗತಿಯ ಏಕತಾಲದಲ್ಲಿ ಅಂದುಕೊಳ್ಳುತ್ತೇನೆ, ಯಮನ್ ಬಡಾ ಖ್ಯಾಲ್ (ನಿಧಾನವಾಗಿ ಬೆಳೆಸುವ ಹಾಡಿಕೆ) ಜಾಸ್ತಿ ಅದರಲ್ಲೇ ಕಲಿಸುತ್ತಾರೆ. ಒಂದು ಸುತ್ತಿಗೆ 12 ಮಾತ್ರೆ, ಅಂದರೆ 12 ಎಣಿಕೆ. ಅದರಲ್ಲಿ 'ತಿರಕಿಟ' ಅನ್ನುವ ತಬಲಾ ಬೋಲು ಎರಡು ಸಲ ಬರುತ್ತದೆ, ನಾಲ್ಕನೆಯದರಲ್ಲಿ ಒಮ್ಮೆ, ಹತ್ತನೆಯದರಲ್ಲಿ ಒಮ್ಮೆ. ಮೊದಲನೆಯದರ ನಂತರ 'ತೂ ನಾ', ಎರಡನೆಯದರ ನಂತರ 'ಧಿನ್ ನಾ', ಆಮೇಲೆ ಸಮ್. ಹೊಸಬರು ಆಲಾಪದಲ್ಲಿ ಮುಳುಗಿದಾಗ ಯಾವ ತಿರಕಿಟ ಅಂತ ಗೊತ್ತಾಗದೆ ಗಾಬರಿಯಾಗಿ ಮುಖಡಾ (ಸಮ್ಮಿಗೆ ತಂದು ಸೇರಿಸುವ ಹಾಡಿನ ಮೊದಲ ತುಣುಕು) ಬೇಗ ಎತ್ತುತ್ತಾರೆ, ಆಮೇಲೆ ಜಾಗ ಉಳಿದುಬಿಡುತ್ತದೆ, ಅದನ್ನು ಎಳೆದು ಎಳೆದು ತುಂಬಬೇಕಾಗುತ್ತದೆ. ಇಲ್ಲವೇ ತಡವಾಗಿ ಎತ್ತಿ ಓಡುತ್ತಾರೆ. ನಿನ್ನದು ಈ ತಡವಾಗಿ ಎತ್ತಿ ಓಡುವ ತಪ್ಪು ಇರಬೇಕು. ಅದೇ ತಬಲಾದವರ ಹತ್ತಿರ ಹೋಗಿ, "ಕಾಕಾ, ವಾರಕ್ಕೆ ಅರ್ಧ ತಾಸು ಬರೀ ಠೇಕಾ ಬಾರಿಸ್ತೀರಾ?" ಅಂತ ಕೇಳು. (ಠೇಕಾ ಅಂದರೆ ಆ ತಾಳದ ಮೂಲ ಬೋಲುಗಳು.) ಹಾಡಬೇಡ. ಎರಡನೇ ತಿರಕಿಟ ಕೇಳಿದಾಗ ಕೈ ಎತ್ತು, ಅಷ್ಟೇ. ಒಂದು ತಿಂಗಳು ಹೀಗೆ ಮಾಡು. ಇಲ್ಲ ಅನ್ನುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ.

ಗಂಗೂಬಾಯಿ ಹಾನಗಲ್ ತಮ್ಮ ಗುರು ಸವಾಯಿ ಗಂಧರ್ವರ ಬಗ್ಗೆ ಒಂದು ಮಾತು ಹೇಳುತ್ತಿದ್ದರು. ಜಿಪುಣ ದುಡ್ಡು ಖರ್ಚು ಮಾಡುವ ಹಾಗೆ ಸ್ವರ ಖರ್ಚು ಮಾಡುವುದನ್ನು ಅವರು ಕಲಿಸಿದರಂತೆ. ಓಡುವವರು ಜೇಬಲ್ಲಿದ್ದದ್ದನ್ನೆಲ್ಲ ತಾಳದ ಮೊದಲ ಸುತ್ತಿನಲ್ಲೇ ಚೆಲ್ಲಿಬಿಡುತ್ತಾರೆ, ಅಲ್ವಾ? ಗಂಗೂಬಾಯಿ ಹುಬ್ಬಳ್ಳಿಯಿಂದ ಗುರುಗಳಿದ್ದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತವರು.

ಕುಂದಗೋಳ ಅಂದ ಮೇಲೆ ನಿಮ್ಮೂರಿನ ಹುಡುಗನ ಕತೆ ಹೇಳದೆ ಇರಲಾಗುವುದಿಲ್ಲ. ಭೀಮಸೇನ ಜೋಶಿ 1933ರಲ್ಲಿ, 11 ವರ್ಷದ ಹುಡುಗ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದರು. ಗ್ವಾಲಿಯರ್ ಅಂತೆ, ಎಲ್ಲೆಲ್ಲೋ ತಿರುಗಿ ಕೊನೆಗೆ ಜಲಂಧರ್. ಅಲ್ಲಿಗೆ ಹಾಡಲು ಬಂದ ವಿನಾಯಕರಾವ್ ಪಟವರ್ಧನರು ಈ ಹುಡುಗನಿಗೆ ಕೊಟ್ಟ ಪ್ರೋತ್ಸಾಹ ಏನು ಗೊತ್ತಾ? ನಿನ್ನ ಊರಿನ ಕಡೆಯೇ ಸವಾಯಿ ಗಂಧರ್ವರಿದ್ದಾರೆ, ವಾಪಸ್ ಹೋಗಿ ಅವರ ಹತ್ತಿರ ಕಲಿ ಅಂತ. ಅಷ್ಟು ದೂರ ಹೋದವನಿಗೆ ಈ ಮಾತು ಮೊದಲು ಸಿಹಿಯಾಗಿ ಕೇಳಿಸಿರಲಿಕ್ಕಿಲ್ಲ. ಆದರೂ ಬಂದರು. ಬಂದ ಕೂಡಲೇ ಪಾಠವೂ ಸಿಗಲಿಲ್ಲ, ಗುರುವಿನ ಮನೆಗೆ ನೀರು ಹೊತ್ತರು.

ಹಾಗಾಗಿ ಗಾಯಕಿಯ ಮಾತು ಉಪಚಾರದ್ದಾ ಅಂತ ಕೂತು ಯೋಚಿಸಬೇಡ. "ಬಿಡಬ್ಯಾಡ" ಅನ್ನುವುದು ಉಪಚಾರ ಇದ್ದರೂ ಇರಬಹುದು, "ಮನಿಗೆ ಬಾ" ಅನ್ನುವುದಕ್ಕೆ ಯಾರೂ ಸುಮ್ನೆ ಬಾಯಿ ತೆರೆಯುವುದಿಲ್ಲ, ಬಂದರೆ ಅವರ ಒಂದು ಬೆಳಗ್ಗೆ ಹೋಗುತ್ತದಲ್ಲ! ಹೋಗು. ಅಲ್ಲಿ "ನಾನು ಹೇಗೆ ಹಾಡಿದೆ" ಅಂತ ಕೇಳಬೇಡ, "ನಿಮ್ಮ ಹಿಂದೆ ತಂಬೂರಿಗೆ ಕೂರಲಾ" ಅಂತ ಕೇಳು. ಹಿಂದೆ ಕೂತು ಎರಡು ತಾಸು ಕೇಳಿದ್ದು ಕಿವಿಯಲ್ಲಿ ನಿಲ್ಲುತ್ತದೆ, ಯೂಟ್ಯೂಬ್‌ನಲ್ಲಿ ಕೇಳಿದ್ದು ನಿಲ್ಲುವುದಿಲ್ಲ.

ಆದರೆ ಗುರುಗಳಿಗೆ ಹೇಳಿಯೇ ಹೋಗು. ನಾನು ನಿನ್ನ ವಯಸ್ಸಿನಲ್ಲಿ ಗುಟ್ಟಾಗಿ ಇನ್ನೊಬ್ಬರ ಹತ್ತಿರ ಹೋಗುತ್ತಿದ್ದೆ. ನಮ್ಮ ಗುರುಗಳಿಗೆ ಯಾರೋ ಹೇಳಿದರು. ಅವರು ಬೈಯಲಿಲ್ಲ, ಆರು ತಿಂಗಳು ಪಾಠ ನಿಲ್ಲಿಸಿದರು. ಬೈದಿದ್ದರೆ ಒಳ್ಳೆಯದಿತ್ತು.

ಅಪ್ಪ ಹೇಳಿದ್ದು ಸರಿ, ಡಿಗ್ರಿ ಮುಗಿಸು. ನಡುವೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕು. ಅದು 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಸಿಕ್ಕರೆ ಅಪ್ಪನ ದನಿಯೂ ಸ್ವಲ್ಪ ಮಂದ್ರಕ್ಕೆ ಇಳಿಯುತ್ತದೆ.

ಪ್ರಶ್ನೆ: ಮಗನಿಗೆ 11 ವರ್ಷ. ದೊಡ್ಡವರ ರೆಕಾರ್ಡಿಂಗ್ ಕೇಳಿ ಹಾಗೇ ಹಾಡುತ್ತಾನೆ. ದೊಡ್ಡ ಕಲಾವಿದರೂ ಮೆಚ್ಚಿದ್ದಾರೆ. ಟೀವಿ ಸ್ಪರ್ಧೆಗೆ ಕಳಿಸಲಾ?
— ತಾಯಿ, ದಾವಣಗೆರೆ

ಉತ್ತರ: ಬೆಳಗಾವಿ ಹತ್ತಿರದ ಸುಳೇಭಾವಿಯ ಶಿವಪುತ್ರ ಅನ್ನುವ ಹುಡುಗನೂ ಹೀಗೇ ಹಾಡುತ್ತಿದ್ದ. ಚಿಕ್ಕವನಿದ್ದಾಗಲೇ 'ಕುಮಾರ ಗಂಧರ್ವ' ಅಂತ ಬಿರುದು ಬಂತು. ಆದರೂ 11ನೇ ವಯಸ್ಸಿಗೆ ಮುಂಬೈಗೆ ಹೋಗಿ ಬಿ.ಆರ್. ದೇವಧರ ಅವರ ಹತ್ತಿರ ಕಲಿಯಲು ಕೂತರು. ನಿಮ್ಮವನಿಗೂ ಈಗ ಅದೇ ವಯಸ್ಸು. ಇನ್ನೆರಡು ಮೂರು ವರ್ಷದಲ್ಲಿ ಗಂಟಲು ಒಡೆಯುತ್ತದೆ, ಆಗ ಮೇಲಿನ ಸ್ವರಕ್ಕೆ ಜಗ್ಗಿಸಬೇಡಿ, ಕೆಳಗಿನ ಷಡ್ಜ ('ಸ' ಸ್ವರ) ಹಿಡಿಸಿ. ಮೆಚ್ಚಿದ ಕಲಾವಿದರಲ್ಲಿ ಒಬ್ಬರಿಗೆ ಫೋನ್ ಮಾಡಿ, ಯಾರ ಹತ್ತಿರ ಹಾಕಲಿ ಅಂತ ಕೇಳಿ. ಟೀವಿ ಆಮೇಲೆ.