ಓದುಗರ ಪ್ರಶ್ನೆಗಳಿಗೆ ಉತ್ತರ: ಹೊಡೆದಾಟದ ಆಟ ತೆರೆಗೆ ಬಂದಾಗ

ಪ್ರಶ್ನೆ: 2021ರಲ್ಲಿ ಬಂದ ‘ಮಾರ್ಟಲ್ ಕಾಂಬ್ಯಾಟ್’ ಚಿತ್ರವನ್ನು ನಾನೂ ನನ್ನ ತಮ್ಮನೂ ಒಟ್ಟಿಗೆ ನೋಡಿದೆವು. ಆ ವಿಡಿಯೋ ಗೇಮನ್ನು ಒಮ್ಮೆಯೂ ಆಡದ ನನಗೆ ಚಿತ್ರ ಹಿಡಿಸಿತು. ಚಿಕ್ಕಂದಿನಿಂದ ಆಡಿಕೊಂಡು ಬಂದ ಅವನು ಮಾತ್ರ ಆರಂಭದ ದೃಶ್ಯವನ್ನು ಮೈಮರೆತು ನೋಡಿ, ಆಮೇಲೆ ಉದ್ದಕ್ಕೂ ಗೊಣಗುತ್ತಲೇ ಇದ್ದ. ಆಟದ ಅಭಿಮಾನಿಗಳಿಗೆ ಯಾವ ಚಿತ್ರವೂ ಸಮಾಧಾನ ಕೊಡುವುದಿಲ್ಲವೇ?

ಉತ್ತರ: ನಿಮ್ಮ ತಮ್ಮನ ಗೊಣಗಾಟವನ್ನು ಬರಿಯ ಹಠವೆಂದು ತಳ್ಳಿಹಾಕಬೇಡಿ. ಆರಂಭದ ದೃಶ್ಯದಲ್ಲಿ ಅವರು ಮೈಮರೆತರೆಂದು ನೀವೇ ಬರೆದಿದ್ದೀರಿ. ಅರ್ಧ ಉತ್ತರ ಅಲ್ಲಿಯೇ ಇದೆ. ಚಿತ್ರ ತೆರೆದುಕೊಳ್ಳುವುದು 17ನೇ ಶತಮಾನದ ಜಪಾನಿನಲ್ಲಿ. ಮನೆಯವರು ಕೊಲೆಯಾಗಿ ಬಿದ್ದಿರುವಾಗ, ಹಿರೋಯುಕಿ ಸನಾಡ ಅಭಿನಯಿಸಿರುವ ಹಾಂಜೊ ಹಸಾಶಿಯು, ಹೆಂಡತಿ ಕೈದೋಟದ ಕೆಲಸಕ್ಕೆ ಬಳಸುತ್ತಿದ್ದ ಕುನಾಯಿ ಎಂಬ ಚೂಪಾದ ಸಲಕರಣೆಯನ್ನು ಎತ್ತಿಕೊಂಡು, ಅದಕ್ಕೆ ಹಗ್ಗ ಬಿಗಿದು, ಕೊಂದವರ ಮೇಲೆ ಬೀಸುತ್ತಾನೆ. ಆಟದ ಪರಿಚಯವಿಲ್ಲದವರಿಗೆ ಅದು ಕೈಗೆ ಸಿಕ್ಕ ಒಂದು ಆಯುಧ. ಆಡಿದವರಿಗೆ ಅದು ಬೇರೆಯೇ. ಈ ಹಾಂಜೊನೇ ಮುಂದೆ ಸ್ಕಾರ್ಪಿಯನ್ ಆಗುವವನು; 1992ರ ಮೊದಲ ಆಟದಿಂದಲೂ ಆ ಪಾತ್ರವು ದೂರ ನಿಂತ ಎದುರಾಳಿಗೆ ಹಗ್ಗದ ಈಟಿಯನ್ನೆಸೆದು ತನ್ನತ್ತ ಎಳೆದುಕೊಳ್ಳುತ್ತ ಬಂದಿದೆ. ಆ ವರಸೆ ಎಲ್ಲಿಂದ ಬಂತು, ಅದರ ಹಿಂದೆ ಯಾವ ದುಃಖವಿದೆ ಎಂಬುದನ್ನು ಚಿತ್ರ ಒಂದು ಮಾತೂ ಆಡದೆ ತೋರಿಸಿಬಿಡುತ್ತದೆ.

ಕಾದಂಬರಿಯ ಪಾತ್ರವನ್ನು ಓದುಗನು ಅದರ ಮಾತಿನಿಂದಲೂ ಮನಸ್ಸಿನಿಂದಲೂ ಅರಿಯುತ್ತಾನೆ. ಹೊಡೆದಾಟದ ಆಟದ ಪಾತ್ರವನ್ನು ಆಟಗಾರನು ಅರಿಯುವುದು ತನ್ನ ಬೆರಳುಗಳಿಂದ. ಮೊದಲ ‘ಮಾರ್ಟಲ್ ಕಾಂಬ್ಯಾಟ್’ ಆಟದಲ್ಲಿ ಆರಿಸಿಕೊಳ್ಳಲು ಇದ್ದವರು 7 ಜನ. ಅವರ ಪೂರ್ವಕಥೆಯೆಂದರೆ ಪರದೆಯ ಮೇಲೆ ಹಾದುಹೋಗುವ ಕೆಲವು ಸಾಲುಗಳಷ್ಟೇ. ಕಥೆ ಇಷ್ಟು ತೆಳುವಾಗಿರುವುದರಿಂದ ಚಿತ್ರದವರು ಏನು ಬೇಕಾದರೂ ಬದಲಿಸಬಹುದು ಎಂದು ಹೊರಗಿನವರಿಗೆ ತೋರುತ್ತದೆ. ಆದರೆ ಯಾವ ಪಾತ್ರ ಎಷ್ಟು ದೂರದಿಂದ ಹೊಡೆಯುತ್ತದೆ, ಯಾವುದು ಕಾದು ಕುಳಿತು ತಿರುಗೇಟು ಕೊಡುತ್ತದೆ, ಯಾವುದು ನುಗ್ಗಿಯೇ ಗೆಲ್ಲಬೇಕು ಎಂಬುದನ್ನು ವರ್ಷಗಟ್ಟಲೆ ಗುಂಡಿಯೊತ್ತಿ ಕಲಿತವನಿಗೆ ಆ ಪಾತ್ರದ ಸ್ವಭಾವವೆಂದರೆ ಅದೇ.

ಇನ್ನು ಗೊಣಗಾಟದ ವಿಷಯ. ಆರಂಭದ ದೃಶ್ಯ ಮುಗಿದ ಮೇಲೆ ಚಿತ್ರ ಹಿಡಿಯುವುದು ಕೋಲ್ ಯಂಗ್ ಎಂಬ ಹೊಸಬನ ದಾರಿಯನ್ನು. ಅವನು ಹಾಂಜೊನ ವಂಶದವನು, ಲೂಯಿಸ್ ಟ್ಯಾನ್ ಮಾಡಿರುವ ಪಾತ್ರ. ಅದುವರೆಗಿನ ಯಾವ ಆಟದಲ್ಲಿಯೂ ಅವನಿರಲಿಲ್ಲ, ಆದ್ದರಿಂದ ಯಾವ ಅಭಿಮಾನಿಯ ಬೆರಳಿಗೂ ಅವನ ಪರಿಚಯವಿರಲಿಲ್ಲ. ಮೊದಲ ಆಟದಲ್ಲಿ ಆಟಗಾರರನ್ನು ಮತ್ತೆ ಮತ್ತೆ ಮಣ್ಣು ಮುಕ್ಕಿಸಿದ ನಾಲ್ಕು ತೋಳಿನ ಗೋರೋನನ್ನು ಇಂತಹ ಹೊಸಬನೊಬ್ಬ ಒಂದೇ ಕಾಳಗದಲ್ಲಿ ಮುಗಿಸಿಬಿಟ್ಟಾಗ, ಅಭಿಮಾನಿಗಳಿಗೆ ತಮ್ಮ ಹಳೆಯ ಸೋಲುಗಳೆಲ್ಲ ಅಗ್ಗವಾದಂತೆ ಅನ್ನಿಸಿತು. ಇದರ ಜೊತೆಗೆ, ಆಟಕ್ಕೆ ಆಧಾರವಾದ ಪಂದ್ಯಾವಳಿಯೇ ಈ ಚಿತ್ರದಲ್ಲಿ ನಡೆಯುವುದಿಲ್ಲ. ಮೊದಲ ಆಟದಿಂದಲೂ ಇರುವ ಜಾನಿ ಕೇಜ್ ಪಾತ್ರವೂ ಇಲ್ಲ, ಕೊನೆಯಲ್ಲಿ ಅವನ ಸುಳಿವನ್ನಷ್ಟೇ ಕೊಡುತ್ತಾರೆ. ಈ ಆಕ್ಷೇಪಗಳು ನ್ಯಾಯವಾದವು ಎಂದೇ ನಾನು ತಿಳಿದಿದ್ದೇನೆ.

ಹಾಗಿದ್ದರೂ ಅದೇ ಚಿತ್ರದಲ್ಲಿ ಜೋ ತಸ್ಲಿಮ್ ಅಭಿನಯಿಸಿರುವ ಸಬ್-ಝೀರೋ, ಎದುರಾಳಿಯ ಮೈಯಿಂದ ಚಿಮ್ಮಿದ ರಕ್ತವನ್ನು ಗಾಳಿಯಲ್ಲಿಯೇ ಹೆಪ್ಪುಗಟ್ಟಿಸಿ, ಅದನ್ನೇ ಬಾಕುವಾಗಿ ಹಿಡಿದು ಅವನಿಗೆ ಚುಚ್ಚುತ್ತಾನೆ. ಹಿಮದ ಶಕ್ತಿಯುಳ್ಳವನು ಹೀಗಲ್ಲದೆ ಇನ್ನು ಹೇಗೆ ಕಾದಾಡಿಯಾನು ಎನ್ನಿಸುವಂತಿದೆ ಆ ಗಳಿಗೆ. ಚಿತ್ರವನ್ನು ಬೈದ ಅಭಿಮಾನಿಗಳೂ ಆ ದೃಶ್ಯವನ್ನು ಕೊಂಡಾಡಿದ್ದಾರೆ. ಅವರಿಗೆ ಯಾವುದೂ ಸಮಾಧಾನ ಕೊಡುವುದಿಲ್ಲ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಪ್ರಶ್ನೆ: ಅಭಿಮಾನಿಗಳ ಮಾತನ್ನೇ ಕೇಳುತ್ತ ಹೋದರೆ ನಿರ್ದೇಶಕನಿಗೆ ಸ್ವಾತಂತ್ರ್ಯವೆಲ್ಲಿ ಉಳಿಯುತ್ತದೆ? ಆಟದಲ್ಲಿ ಇದ್ದುದನ್ನು ಒಂದಿಷ್ಟೂ ಬದಲಿಸಬಾರದು ಎನ್ನುವುದು ಸರಿಯೇ?

ಉತ್ತರ: ಒಂದಿಷ್ಟೂ ಬದಲಿಸಬಾರದು ಎಂದು ಆಟವನ್ನು ಬಲ್ಲ ಅಭಿಮಾನಿಗಳು ಹೇಳುವುದಿಲ್ಲ. 1995ರಲ್ಲಿ ಪಾಲ್ ಆ್ಯಂಡರ್ಸನ್ ನಿರ್ದೇಶಿಸಿದ ಮೊದಲ ‘ಮಾರ್ಟಲ್ ಕಾಂಬ್ಯಾಟ್’ ಚಿತ್ರವನ್ನು ನೋಡಿ. ಅದರಲ್ಲಿ ಕೇನೋ ಎಂಬ ದುಷ್ಟನ ಪಾತ್ರವನ್ನು ಟ್ರೆವರ್ ಗೊಡಾರ್ಡ್ ಆಸ್ಟ್ರೇಲಿಯಾದವರ ಮಾತಿನ ಧಾಟಿಯಲ್ಲಿ ಅಭಿನಯಿಸಿದರು. ಮೂಲ ಆಟದ ಕೇನೋ ಆಸ್ಟ್ರೇಲಿಯಾದವನಾಗಿರಲಿಲ್ಲ. ಆದರೂ ಆ ಧಾಟಿ ಪಾತ್ರಕ್ಕೆ ಎಷ್ಟು ಒಪ್ಪಿತೆಂದರೆ, ಮುಂದೆ ಆಟವನ್ನು ರೂಪಿಸುವವರೇ ಕೇನೋನನ್ನು ಆಸ್ಟ್ರೇಲಿಯಾದವನನ್ನಾಗಿ ಮಾಡಿಬಿಟ್ಟರು. 2021ರ ಚಿತ್ರದಲ್ಲಿ ಆ ಪಾತ್ರಕ್ಕೆ ಆಸ್ಟ್ರೇಲಿಯಾದ ನಟ ಜಾಶ್ ಲಾಸನ್ ಅವರನ್ನೇ ತಂದರು. ಚಿತ್ರದವರ ಬದಲಾವಣೆಯೊಂದು ಆಟದೊಳಕ್ಕೆ ಹೋಗಿ ನೆಲೆಸಿದೆ, ಅಭಿಮಾನಿಗಳು ಅದನ್ನು ತಮ್ಮದಾಗಿಸಿಕೊಂಡಿದ್ದಾರೆ.

ಪ್ರೇಕ್ಷಕರ ಮಾತು ಕೇಳಿದ್ದರಿಂದ 1995ರ ಆ ಚಿತ್ರಕ್ಕೆ ಒಳ್ಳೆಯದೇ ಆಯಿತು. ಬಿಡುಗಡೆಗೆ ಮೊದಲು ಆಯ್ದ ಪ್ರೇಕ್ಷಕರಿಗೆ ತೋರಿಸಿದಾಗ ಕಾಳಗಗಳು ಸಾಲವೆಂಬ ದೂರು ಬಂತು. ಆ ಮೇಲೆ ಲಿಯು ಕಾಂಗ್ ಮತ್ತು ರೆಪ್ಟೈಲ್ ಎಂಬ ಪಾತ್ರಗಳ ನಡುವಣ ಹೊಡೆದಾಟವನ್ನು ಹೊಸದಾಗಿ ಚಿತ್ರೀಕರಿಸಿ ಸೇರಿಸಿದರು. ಇವತ್ತಿಗೂ ಆ ಚಿತ್ರದ ಮಾತು ಬಂದರೆ ಅಭಿಮಾನಿಗಳು ಮೊದಲು ನೆನೆಯುವ ಕಾಳಗಗಳಲ್ಲಿ ಅದೂ ಒಂದು. ಜಾನಿ ಕೇಜ್ ನೆಲಕ್ಕೆ ಕಾಲು ಚಾಚಿ ಕುಸಿದು ಗೋರೋನ ಜನನಾಂಗಕ್ಕೆ ಗುದ್ದುವ ಗಳಿಗೆಯಂತೂ ಆಟದ ಪರದೆಯಿಂದ ನೇರವಾಗಿ ಎತ್ತಿ ತಂದದ್ದು. ಎರಡೇ ವರ್ಷಕ್ಕೆ, 1997ರಲ್ಲಿ, ಬಂದ ಮುಂದಿನ ಭಾಗದಲ್ಲಿ ಅದೇ ಜಾನಿ ಕೇಜ್‌ನನ್ನು ಬೇರೊಬ್ಬ ನಟನಿಗೆ ಕೊಟ್ಟು, ಆರಂಭದಲ್ಲಿಯೇ ಸಾಯಿಸಿದರು. ಆ ಭಾಗಕ್ಕೆ ಸಿಕ್ಕಿದ ತಿರಸ್ಕಾರಕ್ಕೆ ಇದೊಂದೇ ಕಾರಣವಲ್ಲವಾದರೂ, ಅಭಿಮಾನಿಗಳು ಮರೆಯದೆ ಹೇಳುವ ಕಾರಣ ಇದು.

ಅಸಮಾಧಾನ ಆಡುವವರಿಗೆ ಮಾತ್ರ ಇರುತ್ತದೆಂದೂ ತಿಳಿಯಬೇಡಿ. ‘ಟೆಕ್ಕನ್’ ಎಂಬ ಇನ್ನೊಂದು ಹೊಡೆದಾಟದ ಆಟದ ಸಾರಥ್ಯ ವಹಿಸಿದ್ದ ಕತ್ಸುಹಿರೋ ಹರಾದ ಅವರು, ಆ ಹೆಸರಿನಲ್ಲಿ ಬಂದ ಚಿತ್ರವನ್ನು ಬಹಿರಂಗವಾಗಿಯೇ ಕಟುವಾಗಿ ಟೀಕಿಸಿದ್ದರು.

ಪ್ರಶ್ನೆ: ಇಂತಹ ಚಿತ್ರಗಳಲ್ಲಿ ಅಷ್ಟೊಂದು ರಕ್ತಪಾತ ಬೇಕೇ?

ಉತ್ತರ: ಎಲ್ಲ ಆಟಗಳಿಗೂ ಬೇಕಿಲ್ಲ, ‘ಮಾರ್ಟಲ್ ಕಾಂಬ್ಯಾಟ್’ಗೆ ಬೇಕು. ಸೋತವನನ್ನು ಭೀಕರವಾಗಿ ಕೊಲ್ಲುವ ಅಂತಿಮ ವರಸೆಯೇ ಅದರ ಗುರುತಾಗಿತ್ತು; 1993ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಅದರ ಬಗ್ಗೆ ವಿಚಾರಣೆ ನಡೆಯಿತು, ಮರುವರ್ಷ ಅಲ್ಲಿ ಆಟಗಳಿಗೆ ವಯೋಮಾನದ ದರ್ಜೆ ನೀಡುವ ವ್ಯವಸ್ಥೆ ಬಂತು. 1995ರ ಚಿತ್ರ ಹದಿಹರೆಯದವರೂ ನೋಡುವಂತೆ ಇದನ್ನು ತೆಳುಗೊಳಿಸಿತ್ತು. 2021ರದು ವಯಸ್ಕರ ಚಿತ್ರವಾದ್ದರಿಂದ, ಕುಂಗ್ ಲಾವೋ ಎಂಬ ಪಾತ್ರ ತನ್ನ ಟೋಪಿಯನ್ನು ಗರಗಸದಂತೆ ತಿರುಗಿಸಿ ಎದುರಾಳಿಯನ್ನು ಸೀಳುವ ದೃಶ್ಯ ಆಟದಲ್ಲಿದ್ದಂತೆಯೇ ಬಂತು. ಮಕ್ಕಳನ್ನು ಕೂರಿಸಿಕೊಂಡು ನೋಡುವ ಚಿತ್ರ ಅದಲ್ಲ.

ಪ್ರಶ್ನೆ: 1994ರ ‘ಸ್ಟ್ರೀಟ್ ಫೈಟರ್’ ಚಿತ್ರವನ್ನು ಆಗ ಎಲ್ಲರೂ ಹಳಿದಿದ್ದರೆಂದು ಕೇಳಿದ್ದೇನೆ. ಈಗ ಅದನ್ನು ಪ್ರೀತಿಯಿಂದ ನೆನೆಯುವವರು ಹೆಚ್ಚಾಗಿದ್ದಾರೆ. ಇದು ಹೇಗೆ? ಹೊಸ ‘ಸ್ಟ್ರೀಟ್ ಫೈಟರ್’ ಚಿತ್ರದಿಂದ ಏನನ್ನು ನಿರೀಕ್ಷಿಸಬಹುದು?

ಉತ್ತರ: ಹಳಿದದ್ದಕ್ಕೆ ಕಾರಣವಿತ್ತು. ಆಟದ ಕೇಂದ್ರದಲ್ಲಿದ್ದ ರ್‍ಯು ಮತ್ತು ಕೆನ್ ಅಲ್ಲಿ ನಕಲಿ ಶಸ್ತ್ರ ಮಾರುವ ವಂಚಕರಾಗಿ ಪಕ್ಕಕ್ಕೆ ಸರಿದರು. ಜ್ಯಾನ್-ಕ್ಲಾಡ್ ವ್ಯಾನ್ ಡ್ಯಾಮ್ ಮಾಡಿದ ಗೈಲ್ ನಾಯಕನಾದ. ಆ ದೋಷ ಈಗಲೂ ದೋಷವೇ. ಪ್ರೀತಿ ಉಳಿದಿರುವುದು ಖಳನಾಯಕ ಬೈಸನ್‌ನಾಗಿ ನಟಿಸಿದ ರೌಲ್ ಜೂಲಿಯಾ ಅವರ ಮೇಲೆ. ಬೈಸನ್ ತನ್ನ ತಂದೆಯನ್ನು ಕೊಂದ ದಿನವನ್ನು ಚುನ್-ಲಿ ಎಂಬ ಹೋರಾಟಗಾರ್ತಿ ಕಣ್ಣಲ್ಲಿ ಕೆಂಡ ತುಂಬಿಕೊಂಡು ನೆನಪಿಸಿದಾಗ, ಆ ದಿನ ಅವಳ ಬಾಳಿಗೆ ದೊಡ್ಡದಿರಬಹುದು, ತನಗೆ ಅದು ಒಂದು ಮಂಗಳವಾರವಷ್ಟೇ ಎಂದು ಅವನು ನಿರಾಳವಾಗಿ ಉತ್ತರಿಸುತ್ತಾನೆ. ಕ್ರೌರ್ಯವನ್ನು ಇಷ್ಟು ಹಗುರಾಗಿ, ಇಷ್ಟು ಗಾಂಭೀರ್ಯದಿಂದ ಆಡಿ ತೋರಿಸಿದ ನಟ ಆಗ ತೀವ್ರ ಅನಾರೋಗ್ಯದಲ್ಲಿದ್ದರು. ಅಕ್ಟೋಬರ್‌ನಲ್ಲಿ ತೀರಿಕೊಂಡರು, ಚಿತ್ರ ಡಿಸೆಂಬರ್‌ನಲ್ಲಿ ಬಂತು. ಪಾತ್ರವನ್ನು ಕೀಳೆಂದು ಎಣಿಸದೆ ಪೂರ್ಣ ಮನಸ್ಸಿನಿಂದ ಮಾಡಿದ ನಟನನ್ನು ಅಭಿಮಾನಿಗಳು ಕೈಬಿಡುವುದಿಲ್ಲ.

ಹೊಸ ಚಿತ್ರದ ಬಗ್ಗೆ ನನ್ನ ಕುತೂಹಲ ಧಾಲ್ಸಿಮ್‌ನ ಮೇಲಿದೆ. ಆಟದಲ್ಲಿ ಅವನು ಕೈಕಾಲುಗಳನ್ನು ಮಾರುದ್ದ ಚಾಚಿ, ಬಾಯಿಂದ ಬೆಂಕಿ ಉಗುಳಿ, ಎದುರಾಳಿಯನ್ನು ಹತ್ತಿರ ಸುಳಿಯಗೊಡದ ಯೋಗಿ. 1994ರ ಚಿತ್ರದಲ್ಲಿ ಅವನನ್ನು ಬೈಸನ್‌ನ ಪ್ರಯೋಗಾಲಯದ ವಿಜ್ಞಾನಿಯಾಗಿಸಿ, ರೋಷನ್ ಸೇಠ್ ಅವರಂತಹ ಸಮರ್ಥ ನಟನಿಗೆ ಕೊಟ್ಟೂ, ಕಾಳಗವನ್ನೇ ಕೊಡಲಿಲ್ಲ. ಈ ಸಲ ಆ ಪಾತ್ರಕ್ಕೆ ಆಯ್ಕೆಯಾಗಿರುವವರು ಕಳರಿಪಯಟ್ಟಿನಲ್ಲಿ ಪಳಗಿದ ವಿದ್ಯುತ್ ಜಮ್ವಾಲ್. ಚುರುಕಿನಿಂದ ಎದುರಾಳಿಯ ಮೇಲೆ ನುಗ್ಗುವುದು ಅವರಿಗೆ ಸಲೀಸು; ಧಾಲ್ಸಿಮ್ ಗೆಲ್ಲುವುದಾದರೋ ದೂರ ಕಾಯ್ದುಕೊಂಡು, ತಾಳ್ಮೆಯಿಂದ. ಆ ತಾಳ್ಮೆಯನ್ನು ಕಾಳಗದ ದೃಶ್ಯದಲ್ಲಿ ಉಳಿಸಿಕೊಂಡರೆ, ಉಳಿದ ಎಷ್ಟೋ ಬದಲಾವಣೆಗಳನ್ನು ಅವನನ್ನು ಆಡಿ ಬಲ್ಲವರು ಒಪ್ಪಿಕೊಂಡಾರು.