ಉದ್ಯಮಿಗಳ ಸಮಾವೇಶಕ್ಕೆ ನಿರೂಪಣೆ, ಒಪ್ಪಿಕೊಳ್ಳಲಾ?

ಪ್ರಶ್ನೆ: ಆರತಕ್ಷತೆ, ಆರ್ಕೆಸ್ಟ್ರಾ, ಶಾಲಾ ವಾರ್ಷಿಕೋತ್ಸವಗಳಿಗೆ ನಿರೂಪಣೆ ಮಾಡುತ್ತೇನೆ. ಈಗ ಕೈಗಾರಿಕೆಯವರ ಒಂದು ದಿನದ ಸಮಾವೇಶ ನಡೆಸಿಕೊಡಿ ಅಂದಿದ್ದಾರೆ. ಯೂಟ್ಯೂಬ್ ಲೈವ್ ಕೂಡ ಇದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಒಪ್ಪಿಕೊಳ್ಳಲಾ?
– ಓದುಗರು, ತುಮಕೂರು

ಉತ್ತರ: ಧಾರಾಳವಾಗಿ ಒಪ್ಪಿಕೊಳ್ಳಿ. ಇಂಗ್ಲಿಷ್ ಚಿಂತೆ ಬಿಡಿ. ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಯೂನಿಟ್ ಇಟ್ಟವರು, ತಿಪಟೂರಿನ ಕೊಬ್ಬರಿ ವರ್ತಕರು ಕೂತಿರುವ ಸಭೆಯಲ್ಲಿ ಲೋನು, ಸಬ್ಸಿಡಿ, ಜಿಎಸ್‌ಟಿ ಅಂತ ಬೇಕಾದ ಕಡೆ ಸೇರಿಸಿಕೊಂಡು ನೆಟ್ಟಗೆ ಕನ್ನಡ ಮಾತಾಡಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಬಿಡಬೇಕಾದ್ದು ಶಾಯರಿ, ಮತ್ತೆ ಆ 'ಜೋರಾಗಿ ಚಪ್ಪಾಳೆ ಬರಲಿ'.

ಆರತಕ್ಷತೆ ತಡವಾದರೆ ಜನ ಹರಟುತ್ತಾ ಕಾಯುತ್ತಾರೆ. ಫ್ಯಾಕ್ಟರಿ ಬಿಟ್ಟು ಬಂದವರು ಎದ್ದು ಹೋಗುತ್ತಾರೆ. ಹಾಗಾಗಿ ಟೈಮ್ ನೋಡಿಕೊಳ್ಳುವುದೇ ನಿಮ್ಮ ಮುಖ್ಯ ಕೆಲಸ. ಮುಖ್ಯ ಅತಿಥಿ ತಡವಾಗಿ ಬರುತ್ತಾರೆ, ಅದು ಗೊತ್ತಿದ್ದದ್ದೇ ಅಲ್ವಾ? ಅವರಿಗೆ ಕಾಯದೆ ಮೊದಲ ಗೋಷ್ಠಿ ಶುರು ಮಾಡಬಹುದಾ, ಬಂದಾಗ ಗೋಷ್ಠಿಯನ್ನು ಎಲ್ಲಿ ನಿಲ್ಲಿಸಿ ದೀಪ ಹಚ್ಚಿಸುವುದು, ಇದನ್ನು ಹಿಂದಿನ ದಿನವೇ ಸಂಘಟಕರ ಬಾಯಿಂದ ಹೇಳಿಸಿಕೊಳ್ಳಿ. ಭಾಷಣ ಎಳೆಯುವವರಿಗೆ 'ಎರಡು ನಿಮಿಷ' ಅನ್ನೋ ಚೀಟಿಯನ್ನು ಮುಂದಿನ ಸಾಲಿನಿಂದ ಒಬ್ಬರು ತೋರಿಸಲಿ. ಅದಕ್ಕೂ ಬಗ್ಗದಿದ್ದರೆ ನೀವು ಮೈಕ್ ಹಿಡಿದು ವೇದಿಕೆಯ ಅಂಚಿಗೆ ಬಂದು ಸುಮ್ನೆ ನಿಂತುಕೊಳ್ಳಿ, ಅರ್ಥವಾಗುತ್ತದೆ.

ಹೆಸರು, ಹುದ್ದೆಗಳನ್ನು ಅವರವರನ್ನೇ ಕೇಳಿ ಬರೆದುಕೊಳ್ಳಿ. ಎಲ್ಲರನ್ನೂ 'ಸಣ್ಣ ಉದ್ಯಮಿಗಳು' ಅಂದುಬಿಡಬೇಡಿ. ಉದ್ಯಮಗಳನ್ನು ವಿಂಗಡಿಸುವ ಸರ್ಕಾರದ ಲೆಕ್ಕ 2025ರ ಏಪ್ರಿಲ್‌ನಿಂದ ಬದಲಾಗಿದೆ: ವರ್ಷದ ವಹಿವಾಟು 10 ಕೋಟಿ ರೂಪಾಯಿವರೆಗೆ ಇದ್ದರೆ ಸೂಕ್ಷ್ಮ, 100 ಕೋಟಿವರೆಗೆ ಸಣ್ಣ, 500 ಕೋಟಿವರೆಗೆ ಮಧ್ಯಮ. ಯಂತ್ರೋಪಕರಣದ ಹೂಡಿಕೆಗೂ ಬೇರೆ ಮಿತಿ ಇದೆ. 300 ಕೋಟಿ ವಹಿವಾಟು ಮಾಡುವವರನ್ನು ಸಣ್ಣವರು ಅಂದರೆ ಚುರುಕ್ ಅನ್ನದೆ ಇರುತ್ತದಾ?

ಇನ್ನು ಲೈವ್. ಸಭಿಕರು ಮೈಕ್ ಇಲ್ಲದೆ ಕೇಳಿದ ಪ್ರಶ್ನೆ ಮೊಬೈಲಿನಲ್ಲಿ ನೋಡುವವರಿಗೆ ಕೇಳಿಸುವುದಿಲ್ಲ, ಒಂದು ಸಾಲಿನಲ್ಲಿ ನೀವೇ ಮತ್ತೆ ಹೇಳಿ. ಮೈಕ್ ಕಳಿಸಿದರೂ ಸ್ವಯಂಸೇವಕರ ಕೈಯಲ್ಲೇ ಇರಲಿ, ಸಭಿಕರ ಕೈಗೆ ಹೋದರೆ ಇನ್ನೊಂದು ಭಾಷಣ ಶುರು. ಕಾಲರ್ ಮೈಕ್ ಹಾಕಿದ್ದರೆ ವೇದಿಕೆ ಇಳಿದ ಕೂಡಲೇ ಆಫ್ ಮಾಡಿ. ಇಲ್ಲದಿದ್ದರೆ ಊಟದಲ್ಲಿ ಉಪ್ಪು ಜಾಸ್ತಿ ಅಂದದ್ದೂ ಲೈವ್ ಹೋಗುತ್ತದೆ.

ದುಡ್ಡು? ಆರತಕ್ಷತೆ ರೇಟಿಗೆ ಒಪ್ಪಬೇಡಿ. ಹಿಂದಿನ ದಿನದ ತಯಾರಿಯನ್ನೂ ಸೇರಿಸಿ ಕೇಳಿ, ಅರ್ಧ ಮುಂಗಡ ತಗೊಳ್ಳಿ.